ಬ್ರಿಟಿಷ್ ಅಡುಗೆಯ ಕೆಟ್ಟ ಹೆಸರು: ಎಷ್ಟು ನಿಜ, ಎಷ್ಟು ಹಳೆಯದು

2012ರ ಒಲಿಂಪಿಕ್ ಕ್ರೀಡಾಕೂಟ ಲಂಡನ್ನಿಗೋ ಪ್ಯಾರಿಸ್ಸಿಗೋ ಎಂಬುದು ಸಿಂಗಪುರದಲ್ಲಿ ತೀರ್ಮಾನವಾಗಲು ಇನ್ನು ಕೆಲವೇ ದಿನಗಳಿದ್ದವು. 2005ರ ಜುಲೈ ತಿಂಗಳ ಆರಂಭದ ಮಾತು. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಜಾಕ್ ಶಿರಾಕ್ ಅವರು ರಷ್ಯಾ ಮತ್ತು ಜರ್ಮನಿಯ ನಾಯಕರೊಡನೆ ಹರಟುತ್ತಾ, ಇಷ್ಟು ಕೆಟ್ಟದಾಗಿ ಅಡುಗೆ ಮಾಡುವ ಜನರನ್ನು ನಂಬುವುದು ಹೇಗೆ ಎಂದು ಬ್ರಿಟಿಷರ ಬಗ್ಗೆ ಕೊಂಕು ನುಡಿದರು; ಇವರಿಗಿಂತ ಕಡೆ ಎನ್ನಬಹುದಾದದ್ದು ಫಿನ್ಲೆಂಡಿನ ಊಟ ಮಾತ್ರ ಎಂದೂ ಸೇರಿಸಿದರು. ಪತ್ರಕರ್ತರೊಬ್ಬರ ಕಿವಿಗೆ ಬಿದ್ದ ಈ ಮಾತು ಮರುದಿನವೇ ಯುರೋಪಿನ ಪತ್ರಿಕೆಗಳಲ್ಲೆಲ್ಲ ಹರಡಿತು. ಕ್ರೀಡಾಕೂಟ ಕೊನೆಗೆ ಲಂಡನ್ನಿಗೇ ದಕ್ಕಿತು ಎನ್ನುವುದು ಬೇರೆ ವಿಷಯ. ನಾವು ಗಮನಿಸಬೇಕಾದದ್ದು, ಆ ಕೊಂಕನ್ನು ಕೇಳಿದವರಾರಿಗೂ ಅದನ್ನು ವಿವರಿಸಿ ಹೇಳುವ ಅಗತ್ಯವೇ ಬೀಳಲಿಲ್ಲ ಎಂಬುದನ್ನು. ಬ್ರಿಟಿಷರ ಊಟ ಸಪ್ಪೆ, ಬೇಯಿಸಿ ಬೇಯಿಸಿ ಸತ್ವ ಕಳೆದುಕೊಂಡದ್ದು, ಕಣ್ಣಿಗೂ ನಾಲಿಗೆಗೂ ಹಿತವಲ್ಲದ್ದು ಎಂಬ ಅಭಿಪ್ರಾಯ ಅಷ್ಟರಮಟ್ಟಿಗೆ ಜಗತ್ತಿನಲ್ಲಿ ಬೇರೂರಿದೆ. ಉನ್ನತ ವ್ಯಾಸಂಗಕ್ಕೋ ಕೆಲಸಕ್ಕೋ ಆ ದೇಶಕ್ಕೆ ಹೋಗಿ ಬಂದ ನಮ್ಮವರೂ ಬಹುಮಟ್ಟಿಗೆ ಇದನ್ನೇ ಹೇಳುತ್ತಾರೆ.

ಈ ಅಭಿಪ್ರಾಯ ಸುಳ್ಳೆಂದು ಸಾಧಿಸಲು ನಾನು ಹೊರಟಿಲ್ಲ. ಅದು ಯಾವ ಊಟದ ಬಗ್ಗೆ, ಯಾವ ಕಾಲದಲ್ಲಿ, ಯಾರ ಬಾಯಲ್ಲಿ ಹುಟ್ಟಿತು ಎಂಬುದನ್ನು ವಿಚಾರಿಸುವುದಷ್ಟೇ ನನ್ನ ಉದ್ದೇಶ. ಪರದೇಶದವರ ಅಭಿಪ್ರಾಯವೂ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡನ್ನು ಕಂಡು ಬರೆದ ಮಿಸ್ಸೋನ್ ಎಂಬ ಫ್ರೆಂಚ್ ಪ್ರವಾಸಿ, ಅಲ್ಲಿನ ಪುಡಿಂಗನ್ನು ಕಂಡುಹಿಡಿದವನಿಗೆ ಪುಣ್ಯ ಬರಲಿ ಎಂಬ ಧಾಟಿಯಲ್ಲಿ ಬಾಯ್ತುಂಬ ಹೊಗಳಿದ್ದ. ಅದಾಗಿ ಅರ್ಧ ಶತಮಾನ ಕಳೆದ ಮೇಲೆ, 1748ರಲ್ಲಿ ಬಂದ ಸ್ವೀಡನ್ನಿನ ಸಸ್ಯವಿಜ್ಞಾನಿ ಪೆಹ್ರ್ ಕಾಲ್ಮ್, ಇಂಗ್ಲಿಷರ ಪಾಕಕಲೆ ಹುರಿದ ದನದ ಮಾಂಸ ಮತ್ತು ಪ್ಲಮ್ ಪುಡಿಂಗುಗಳನ್ನು ದಾಟಿ ಹೆಚ್ಚು ದೂರ ಹೋಗುವುದಿಲ್ಲ ಎಂದು ಬರೆದ. ಹೊಗಳಿಕೆ ಒಂದು, ಟೀಕೆ ಇನ್ನೊಂದು. ಆದರೆ ಇಬ್ಬರೂ ಕಂಡದ್ದು ಒಂದೇ ಊಟವನ್ನು. ತಿನಿಸುಗಳ ಸಂಖ್ಯೆ ಕಡಿಮೆ, ಮಾಡುವ ಕೆಲವನ್ನೇ ಚೆನ್ನಾಗಿ ಮಾಡುತ್ತಾರೆ ಎಂಬುದು ಇಬ್ಬರ ಮಾತಿನಿಂದಲೂ ಹೊರಡುವ ಅರ್ಥ. ಅವರಿಬ್ಬರಲ್ಲಿ ಯಾರೂ ಅದನ್ನು ಕೆಟ್ಟ ಊಟ ಎಂದಿರಲಿಲ್ಲ.

ನನ್ನ ವಾದ ಇಷ್ಟು: ಸಾಂಪ್ರದಾಯಿಕ ಬ್ರಿಟಿಷ್ ಅಡುಗೆ ಸಾಮಗ್ರಿಯನ್ನು ನಂಬಿದ ಅಡುಗೆ. ನಮ್ಮಲ್ಲಿ ಬಾಡಿದ ಬದನೆಕಾಯಿ ಕೂಡ ಒಳ್ಳೆಯ ಸಾಂಬಾರು ಪುಡಿ, ಹುಣಸೆಹುಳಿ, ಇಂಗಿನ ಒಗ್ಗರಣೆ ಇವುಗಳ ಆಸರೆಯಲ್ಲಿ ಮರ್ಯಾದೆ ಉಳಿಸಿಕೊಳ್ಳುತ್ತದೆ. ಆ ದೇಶದ ಅಡುಗೆಗೆ ಅಂಥ ಆಸರೆಯಿಲ್ಲ. ಮಾಂಸ, ಮೀನು, ಹಾಲು, ಬೆಣ್ಣೆ, ಗೋಧಿ, ಸೇಬು ಇವೇ ಮುಂದೆ ನಿಲ್ಲಬೇಕು. ಅವು ಒಳ್ಳೆಯವಾದರೆ ಊಟ ಒಳ್ಳೆಯದು, ಅವು ಕೆಟ್ಟರೆ ಮುಚ್ಚಿಡಲು ಏನೂ ಇಲ್ಲ. ಆದ್ದರಿಂದ ಸಾಮಗ್ರಿಯ ಗುಣಮಟ್ಟ ಕುಸಿದ ಕಾಲದಲ್ಲಿ ಬೇರೆ ಯಾವ ಅಡುಗೆಗಿಂತಲೂ ಹೆಚ್ಚು ಪೆಟ್ಟು ತಿಂದದ್ದು ಈ ಅಡುಗೆ. ಅಂಥ ಕಾಲ ಒಂದಲ್ಲ, ಎರಡು ಬಾರಿ ಬಂತು.

ಅದಕ್ಕೂ ಮೊದಲು, ಚೆನ್ನಾಗಿ ಮಾಡಿದಾಗ ಇದು ಹೇಗಿರುತ್ತದೆ ಎಂದು ನೋಡೋಣ. ಭಾನುವಾರ ಮಧ್ಯಾಹ್ನದ ರೋಸ್ಟ್ ಊಟದ ಜೊತೆಗೆ ಬಡಿಸುವ ಯಾರ್ಕ್‌ಷೈರ್ ಪುಡಿಂಗನ್ನು ತೆಗೆದುಕೊಳ್ಳಿ. ಹೆಸರು ಪುಡಿಂಗ್ ಎಂದಿದ್ದರೂ ಅದು ಸಿಹಿಯಲ್ಲ. ಮೈದಾ, ಮೊಟ್ಟೆ, ಹಾಲು, ಚಿಟಿಕೆ ಉಪ್ಪು, ಇಷ್ಟೇ ಸಾಮಾನು. ಗಂಟಿಲ್ಲದಂತೆ ತೆಳ್ಳಗೆ ಕಲಸಿ ಸ್ವಲ್ಪ ಹೊತ್ತು ಸುಮ್ಮನೆ ಬಿಡುತ್ತಾರೆ. ಮಾಂಸದಿಂದ ಇಳಿದ ಕೊಬ್ಬನ್ನು ಗುಳಿಗಳಿರುವ ತಗಡಿನ ತಟ್ಟೆಗೆ ಹಾಕಿ, ಹೊಗೆಯೇಳುವಷ್ಟು ಕಾಯುವವರೆಗೆ ಓವನ್ನಿನಲ್ಲಿಟ್ಟು, ಆಮೇಲೆ ಹಿಟ್ಟನ್ನು ಸುರಿಯುತ್ತಾರೆ. ಚುಂಯ್ ಎಂಬ ಸದ್ದು ಬಾರದಿದ್ದರೆ ಕೊಬ್ಬು ಕಾದಿಲ್ಲವೆಂದೇ ಅರ್ಥ. ಮುಂದಿನ ಇಪ್ಪತ್ತು ನಿಮಿಷ ಓವನ್ನಿನ ಬಾಗಿಲು ತೆರೆಯುವಂತಿಲ್ಲ, ತೆರೆದರೆ ಉಬ್ಬಿದ್ದು ಕುಸಿದುಬಿಡುತ್ತದೆ. ಹೊರಬಂದಾಗ ಅಂಚು ಕಂದುಬಣ್ಣಕ್ಕೆ ತಿರುಗಿ ಗರಿಗರಿಯಾಗಿರುತ್ತದೆ, ನಡುವೆ ಮೆತ್ತಗಿನ ಗುಂಡಿ ಉಳಿದಿರುತ್ತದೆ, ಆ ಗುಂಡಿಗೆ ಗ್ರೇವಿ ತುಂಬಬೇಕು. ಮಾಂಸ ದುಬಾರಿಯಾಗಿದ್ದ ಕಾಲದಲ್ಲಿ ಇದನ್ನು ಮೊದಲೇ ಬಡಿಸಿ, ಮಕ್ಕಳ ಹೊಟ್ಟೆಯನ್ನು ಅರ್ಧ ತುಂಬಿಸಿ, ಆಮೇಲೆ ಮಾಂಸದ ಸಣ್ಣ ತುಂಡು ಕೊಡುತ್ತಿದ್ದರು. ಬಡತನದ ಜಾಣತನ ಇದು. ಈಗ ಅದರ ಬಗ್ಗೆ ಅವರಿಗಿರುವ ಅಭಿಮಾನ ಎಷ್ಟೆಂದರೆ, 2008ರಲ್ಲಿ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಎಂಬ ಗಂಭೀರ ವಿಜ್ಞಾನ ಸಂಸ್ಥೆಯೇ ಮುಂದೆ ಬಂದು, ನಾಲ್ಕು ಅಂಗುಲ ಎತ್ತರಕ್ಕೆ ಉಬ್ಬದಿದ್ದರೆ ಅದು ಯಾರ್ಕ್‌ಷೈರ್ ಪುಡಿಂಗೇ ಅಲ್ಲ ಎಂದು ಅಪ್ಪಣೆ ಕೊಡಿಸಿತು.

ಇನ್ನು, ಬ್ರಿಟಿಷರಿಗೆ ಮಸಾಲೆಯೇ ಗೊತ್ತಿರಲಿಲ್ಲ ಎಂಬ ಮಾತು. ಸುಮಾರು 1390ರಲ್ಲಿ ಎರಡನೆಯ ರಿಚರ್ಡ್ ದೊರೆಯ ಅಡುಗೆಯವರು ಸಿದ್ಧಪಡಿಸಿದ ಪಾಕಪದ್ಧತಿಗಳಲ್ಲಿ ಶುಂಠಿ, ಲವಂಗ, ದಾಲ್ಚಿನ್ನಿ, ಕೇಸರಿ ಧಾರಾಳವಾಗಿ ಕಾಣುತ್ತವೆ. ಸಿರಿವಂತರ ಮನೆಯ ಮಾಂಸದ ಅಡುಗೆಯಿಂದ ಇವು ಹಿಂದೆ ಸರಿದದ್ದು ಹದಿನೇಳನೆಯ ಶತಮಾನದ ಹೊತ್ತಿಗೆ, ಫ್ರಾನ್ಸಿನಿಂದ ಹಬ್ಬಿದ ಹೊಸ ಅಭಿರುಚಿಯ ಪ್ರಭಾವದಿಂದ. ಪದಾರ್ಥಕ್ಕೆ ಅದರದೇ ರುಚಿ ಇರಬೇಕೆಂಬುದು ಆ ಅಭಿರುಚಿಯ ತಿರುಳು. ಹೊರಗೆ ಹೋದ ಮಸಾಲೆ ಸಿಹಿತಿಂಡಿಗಳಲ್ಲಿ ನೆಲೆ ಕಂಡುಕೊಂಡಿತು. ಕ್ರಿಸ್‌ಮಸ್ ಪುಡಿಂಗ್, ಮಿನ್ಸ್ ಪೈ, ಜಿಂಜರ್‌ಬ್ರೆಡ್ ಇವುಗಳಲ್ಲಿ ಜಾಯಿಕಾಯಿ, ಲವಂಗ, ಶುಂಠಿಗಳ ಘಮ ಇಂದಿಗೂ ಇದೆ. 1747ರಲ್ಲಿ ಹ್ಯಾನಾ ಗ್ಲಾಸ್ ಎಂಬಾಕೆ ಪ್ರಕಟಿಸಿದ, ಮನೆಮನೆಯಲ್ಲಿ ಬಳಕೆಗೆ ಬಂದ ಅಡುಗೆ ಪುಸ್ತಕದಲ್ಲಿ ಭಾರತದ ರೀತಿಯಲ್ಲಿ ಕರಿ ಮಾಡುವ ಕ್ರಮವೂ ಇದೆ. ಅದಕ್ಕೆ ಬಳಸಿದ್ದು ಮುಖ್ಯವಾಗಿ ಕಾಳುಮೆಣಸು ಮತ್ತು ಕೊತ್ತಂಬರಿ ಬೀಜ.

ಮೊದಲ ಪೆಟ್ಟು ಬಿದ್ದದ್ದು ಕೈಗಾರಿಕೀಕರಣದಿಂದ. 1851ರ ಜನಗಣತಿಯ ವೇಳೆಗೆ ಜನಸಂಖ್ಯೆಯ ಅರ್ಧದಷ್ಟು ಪಟ್ಟಣಗಳಲ್ಲಿತ್ತು. ಜಗತ್ತಿನ ಬೇರಾವ ದೊಡ್ಡ ದೇಶವೂ ಅಷ್ಟು ಬೇಗ ಹಳ್ಳಿ ಬಿಟ್ಟಿರಲಿಲ್ಲ. ಹಸು, ಹಿತ್ತಲು, ಹಂದಿಗೂಡು, ಊರ ಒಲೆ ಇವೆಲ್ಲವನ್ನೂ ಹಿಂದೆ ಬಿಟ್ಟು ಗಿರಣಿಯ ಪಕ್ಕದ ಸಾಲುಮನೆಗೆ ಬಂದ ಕುಟುಂಬದ ತಾಯಿಯೂ ಗಿರಣಿಗೆ ಹೋಗುತ್ತಿದ್ದಳು. ಮಗಳಿಗೆ ಅಡುಗೆ ಕಲಿಸಲು ಅವಳಿಗೆ ಹೊತ್ತೂ ಇರಲಿಲ್ಲ, ಒಲೆಯೂ ಸರಿಯಿರಲಿಲ್ಲ. ಬ್ರೆಡ್ಡು, ಜಾಮ್, ಸಕ್ಕರೆ ಹಾಕಿದ ಚಹಾ ಊಟದ ಸ್ಥಾನಕ್ಕೆ ಬಂದವು. ಡಬ್ಬಿ ಆಹಾರ ಬಂತು. 1882ರಲ್ಲಿ ಡುನೆಡಿನ್ ಎಂಬ ಹಡಗು ನ್ಯೂಜಿಲೆಂಡಿನಿಂದ ಹಿಮಗಟ್ಟಿಸಿದ ಕುರಿಮಾಂಸವನ್ನು ಲಂಡನ್ನಿಗೆ ತಂದಿತು. ಅಗ್ಗದ ಆಹಾರದಿಂದ ಬಡವರ ಹೊಟ್ಟೆಗೆ ಅನುಕೂಲವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಫ್ರಾನ್ಸ್, ಇಟಲಿಗಳಲ್ಲಿ ರೈತನ ಮನೆಯ ಅಡುಗೆಯೇ ಬೆಳೆದು ದೇಶದ ಅಡುಗೆಯಾದಂತೆ ಇಲ್ಲಿ ಆಗಲಿಲ್ಲ, ಏಕೆಂದರೆ ಆ ಹೊತ್ತಿಗೆ ರೈತನ ಮನೆಯೇ ಬಹುಪಾಲು ಖಾಲಿಯಾಗಿತ್ತು.

ತರಕಾರಿಯ ವಿಷಯದಲ್ಲಿ ಮಾತ್ರ ಬ್ರಿಟಿಷರ ಪರವಾಗಿ ವಕಾಲತ್ತು ವಹಿಸಲು ನನ್ನಿಂದ ಸಾಧ್ಯವಿಲ್ಲ. 1861ರಲ್ಲಿ ಪುಸ್ತಕವಾಗಿ ಬಂದ ಇಸಬೆಲ್ಲಾ ಬೀಟನ್ ಅವರ ಗೃಹಕೃತ್ಯದ ಕೈಪಿಡಿ, ದೊಡ್ಡ ಕ್ಯಾರೆಟ್ಟುಗಳನ್ನು ಹೆಚ್ಚುಕಡಿಮೆ ಎರಡು ಗಂಟೆ ಕುದಿಸಲು ಹೇಳುತ್ತದೆ. ಅರೆಬೆಂದ ತರಕಾರಿ ಜೀರ್ಣವಾಗದು ಎಂಬ ನಂಬಿಕೆ ಆಗ ಬಲವಾಗಿತ್ತು. 1944ರ ಶಿಕ್ಷಣ ಕಾಯ್ದೆಯ ನಂತರ ಶಾಲೆಗಳಲ್ಲಿ ಊಟ ಒದಗಿಸುವುದು ಕಡ್ಡಾಯವಾದಾಗ ಅದೇ ಕುದಿಸುವ ಪದ್ಧತಿ ದೊಡ್ಡ ಹಂಡೆಗಳಿಗೆ ಏರಿತು; ಬೂದುಬಣ್ಣಕ್ಕೆ ತಿರುಗಿದ ಎಲೆಕೋಸಿನ ವಾಸನೆ ಒಂದು ಇಡೀ ತಲೆಮಾರಿನ ನೆನಪಿನಲ್ಲಿ ಉಳಿದುಹೋಯಿತು. ಅಲ್ಲಿಗೆ ಹೋದ ಸಸ್ಯಾಹಾರಿ ಭಾರತೀಯರ ಪಾಲಿಗಂತೂ ಬ್ರಿಟಿಷ್ ಊಟವೆಂದರೆ ಇದೇ. 1888ರಲ್ಲಿ ಲಂಡನ್ ತಲುಪಿದ ಗಾಂಧೀಜಿ ಉಪ್ಪು ಖಾರವಿಲ್ಲದೆ ಬೇಯಿಸಿದ ಸೊಪ್ಪನ್ನೂ ಬ್ರೆಡ್ಡನ್ನೂ ತಿನ್ನಲಾಗದೆ ಅರೆಹೊಟ್ಟೆಯಲ್ಲಿ ದಿನ ಕಳೆದದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಲಂಡನ್ನೆಲ್ಲ ಅಲೆದು ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರಿ ಉಪಾಹಾರಗೃಹವೊಂದನ್ನು ಕಂಡಾಗ ಅವರಿಗಾದ ಆನಂದ ಸಣ್ಣದಲ್ಲ. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡದ್ದು ಅಲ್ಲೇ ಮೊದಲು. ಕುತೂಹಲದ ಸಂಗತಿ ಮುಂದಿನದು. ಮಸಾಲೆಯ ಆಸೆ ಬಿಟ್ಟ ಮೇಲೆ, ಹಿಂದೆ ಸಪ್ಪೆಯೆನಿಸಿದ್ದ ಅದೇ ಬೇಯಿಸಿದ ಸೊಪ್ಪು ಅವರಿಗೆ ರುಚಿಸತೊಡಗಿತು. ರುಚಿಯ ನಿಜವಾದ ನೆಲೆ ನಾಲಿಗೆಯಲ್ಲ, ಮನಸ್ಸು ಎಂಬ ತೀರ್ಮಾನಕ್ಕೆ ಅವರು ಬಂದರು. ಅವರ ತೀರ್ಮಾನವನ್ನು ಗೌರವಿಸುತ್ತಲೇ ಹೇಳುತ್ತೇನೆ, ಎರಡು ಗಂಟೆ ಕುದಿಸಿದ ಕ್ಯಾರೆಟ್ಟಿಗೆ ಮನಸ್ಸನ್ನು ಒಪ್ಪಿಸುವುದು ನಮ್ಮಂಥವರಿಗೆ ಸುಲಭವಲ್ಲ.

ಎರಡನೆಯ ಪೆಟ್ಟು ಎರಡನೆಯ ಮಹಾಯುದ್ಧ. 1940ರ ಜನವರಿಯಲ್ಲಿ ಬೇಕನ್, ಬೆಣ್ಣೆ, ಸಕ್ಕರೆಗಳಿಂದ ಆರಂಭವಾದ ಪಡಿತರ ಕೊನೆಗೊಂಡದ್ದು 1954ರ ಜುಲೈ 4ರಂದು, ಮಾಂಸದ ಮೇಲಿನ ನಿರ್ಬಂಧ ತೆಗೆದಾಗ. ಹದಿನಾಲ್ಕು ವರ್ಷ! ಯುದ್ಧ ಮುಗಿದ ಮೇಲೂ ಒಂಬತ್ತು ವರ್ಷ. ಯುದ್ಧದುದ್ದಕ್ಕೂ ಪಡಿತರಕ್ಕೆ ಒಳಪಡದಿದ್ದ ಬ್ರೆಡ್ಡು ಕೂಡ 1946ರಿಂದ 1948ರವರೆಗೆ ಚೀಟಿಯ ಮೇಲೆ ಸಿಗುವಂತಾಯಿತು. ವಾರಕ್ಕೆ ಒಬ್ಬರಿಗೆ ಎರಡು ಔನ್ಸ್ ಬೆಣ್ಣೆ, ಅಂದರೆ ಐವತ್ತೇಳು ಗ್ರಾಂ, ಮತ್ತು ಸಿಕ್ಕಿದರೆ ಒಂದು ಮೊಟ್ಟೆ. ಆಹಾರ ಮಂತ್ರಿಯಾಗಿದ್ದ ಲಾರ್ಡ್ ವೂಲ್ಟನ್ ಅವರ ಹೆಸರು ಹೊತ್ತ ಕಡುಬೊಂದನ್ನು ಸರ್ಕಾರ ಪ್ರಚಾರ ಮಾಡಿತು: ಆಲೂಗಡ್ಡೆ, ಕ್ಯಾರೆಟ್, ಹೂಕೋಸು, ಓಟ್ಸ್ ಸೇರಿಸಿ ಬೇಯಿಸಿದ ಪೈ ಅದು. ಲಂಡನ್ನಿನ ಸವಾಯ್ ಹೋಟೆಲಿನ ಮುಖ್ಯ ಬಾಣಸಿಗನೇ ರೂಪಿಸಿದ್ದರೂ ಜನ ಅದನ್ನು ಮನಸಾರೆ ಪ್ರೀತಿಸಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಹಂಚಿಕೆ ಸಮನಾಗಿದ್ದುದರಿಂದ ಬಡವರ ಆರೋಗ್ಯ ಆ ವರ್ಷಗಳಲ್ಲಿ ಸುಧಾರಿಸಿತು. ರುಚಿ ಮಾತ್ರ ಬಲಿಯಾಯಿತು. ಬೆಣ್ಣೆ, ಕೆನೆ, ಮೊಟ್ಟೆ, ಮಾಂಸ ಇವೇ ಆಧಾರವಾದ ಅಡುಗೆಯಿಂದ ಇವನ್ನೆಲ್ಲ ಕಿತ್ತುಕೊಂಡರೆ ಉಳಿಯುವುದೇನು? 1940ರಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದವಳು ನಿರ್ಬಂಧ ತೀರುವ ಹೊತ್ತಿಗೆ ಇಪ್ಪತ್ತನಾಲ್ಕರ ಗೃಹಿಣಿ. ತಾಯಿಯಿಂದ ಅವಳು ಕಲಿತದ್ದು ಮೊಟ್ಟೆಪುಡಿಯಲ್ಲಿ ಕೇಕ್ ಮಾಡುವುದನ್ನು. ಇದೇ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಬೀಡುಬಿಟ್ಟಿದ್ದ ಲಕ್ಷಾಂತರ ಅಮೆರಿಕನ್ ಸೈನಿಕರು ಅಲ್ಲಿನ ಊಟದ ಕಥೆಯನ್ನು ಮನೆಗೆ ಹೊತ್ತೊಯ್ದರು. ಇಂದು ಚಾಲ್ತಿಯಲ್ಲಿರುವ ಹಾಸ್ಯದ ಬಹುಭಾಗ ಆ ಕಾಲದ ಆಸ್ತಿ ಎಂದು ನಾನು ತಿಳಿದಿದ್ದೇನೆ.

ಇದನ್ನು ಆಗಲೇ ಗುರುತಿಸಿದವರು ಜಾರ್ಜ್ ಆರ್ವೆಲ್, ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ. 1945ರ ಡಿಸೆಂಬರಿನಲ್ಲಿ ಲಂಡನ್ನಿನ ಸಂಜೆ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ಒಳ್ಳೆಯ ಇಂಗ್ಲಿಷ್ ಅಡುಗೆ ಹೋಟೆಲುಗಳಲ್ಲಿ ಸಿಗುವುದೇ ಇಲ್ಲ, ಅದಿರುವುದು ಮನೆಗಳ ಒಳಗೆ, ಆದ್ದರಿಂದ ಪರದೇಶದವನಿಗೆ ಅದರ ಪರಿಚಯವೇ ಆಗುವುದಿಲ್ಲ ಎಂದು ಅವರು ವಾದಿಸಿದರು. ಮರುವರ್ಷ ಬ್ರಿಟಿಷ್ ಕೌನ್ಸಿಲ್ ಇದೇ ವಿಷಯದ ಮೇಲೆ ಪ್ರಬಂಧವೊಂದನ್ನು ಅವರಿಂದ ಬರೆಸಿಕೊಂಡು, ಊಟಕ್ಕೇ ತತ್ವಾರವಿರುವಾಗ ಇದನ್ನು ಅಚ್ಚು ಹಾಕುವುದು ಸರಿಯಲ್ಲವೆಂದು ಹಿಂದಿರುಗಿಸಿತು. ಅದರಲ್ಲಿದ್ದ ಕಿತ್ತಳೆ ಮಾರ್ಮಲೇಡಿನ ಪಾಕಕ್ರಮಕ್ಕೆ ಸಂಪಾದಕರು ಸಕ್ಕರೆ ಜಾಸ್ತಿ, ನೀರು ಜಾಸ್ತಿ ಎಂದು ತಕರಾರು ತೆಗೆದಿದ್ದರಂತೆ. ಸಂಸ್ಥೆ ಈ ತಿರಸ್ಕಾರಕ್ಕಾಗಿ ಕ್ಷಮೆ ಕೇಳಿದ್ದು 2019ರಲ್ಲಿ.

ಯುದ್ಧದಿಂದ ಆದ ಎಲ್ಲ ಹಾನಿಗಳಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಚೀಸಿನದು. ಹಾಲನ್ನೆಲ್ಲ ಕಾರ್ಖಾನೆಗಳಿಗೆ ತಿರುಗಿಸಿ, ಸಾಗಣೆಗೂ ದಾಸ್ತಾನಿಗೂ ಒದಗುವ ಒಂದೇ ಬಗೆಯ ಗಟ್ಟಿ ಚೀಸನ್ನು ತಯಾರಿಸಲು ಆದೇಶವಾಯಿತು. ಜನ ಅದನ್ನು ಸರ್ಕಾರಿ ಚೆಡ್ಡರ್ ಎಂದು ಕರೆದರು. ಊರಿಗೊಂದರಂತೆ ಇದ್ದ ಮನೆಚೀಸುಗಳು ಬಹುಪಾಲು ಮಾಯವಾದವು. ಸೋಮರ್‌ಸೆಟ್ಟಿನಲ್ಲಿ ಇಂದಿಗೂ ಹಳೆಯ ಕ್ರಮದಲ್ಲಿ ಚೆಡ್ಡರ್ ಮಾಡುವವರ ಕೆಲಸವನ್ನು ನೋಡಿದರೆ ಕಳೆದುಕೊಂಡದ್ದು ಏನೆಂದು ಅರ್ಥವಾಗುತ್ತದೆ. ಒಡೆದು ಗಟ್ಟಿಯಾದ ಹಾಲನ್ನು ಕತ್ತರಿಸಿ, ಬಿಸಿ ಮಾಡಿ, ನೀರನ್ನು ಬಸಿದ ಮೇಲೆ, ಉಳಿದದ್ದನ್ನು ದಪ್ಪ ಪಟ್ಟಿಗಳಾಗಿ ಕೊಯ್ದು ಒಂದರ ಮೇಲೊಂದು ಪೇರಿಸುತ್ತಾರೆ. ಸ್ವಲ್ಪ ಹೊತ್ತಿಗೊಮ್ಮೆ ಕೈಯಿಂದಲೇ ಮಗುಚಿ ಮತ್ತೆ ಪೇರಿಸುತ್ತಾರೆ. ತನ್ನ ಭಾರಕ್ಕೆ ತಾನೇ ನೀರಿಳಿಸಿಕೊಂಡು, ಒಳಗೊಳಗೇ ಹುಳಿಯೇರುತ್ತಾ, ಅದು ನಾರುನಾರಾಗಿ ಬಿಗಿಯುತ್ತದೆ. ಆಮೇಲೆ ಚೂರು ಮಾಡಿ ಉಪ್ಪು ಬೆರೆಸಿ ಅಚ್ಚಿನಲ್ಲಿ ಒತ್ತಿ, ಬಟ್ಟೆ ಸುತ್ತಿ ಕೊಬ್ಬು ಸವರಿ, ಒಂದು ವರ್ಷಕ್ಕೂ ಹೆಚ್ಚು ಕಾಲ ತಂಪಿನಲ್ಲಿ ಮಾಗಲು ಬಿಡುತ್ತಾರೆ. ಹೀಗೆ ಮಾಗಿದ ಚೆಡ್ಡರಿಗೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಮಾರುವ ಹಳದಿ ಚೌಕಕ್ಕೂ ಹೆಸರಿನಲ್ಲಷ್ಟೇ ನಂಟು. ನೀಲಿ ಎಳೆಗಳ ಸ್ಟಿಲ್ಟನ್ನಿನ ಕಥೆ ಇನ್ನೂ ಸ್ವಾರಸ್ಯದ್ದು: ಕಾನೂನಿನ ಪ್ರಕಾರ ಅದನ್ನು ಡಾರ್ಬಿಷೈರ್, ಲೆಸ್ಟರ್‌ಷೈರ್, ನಾಟಿಂಗ್‌ಹ್ಯಾಮ್‌ಷೈರ್ ಎಂಬ ಮೂರು ಕೌಂಟಿಗಳಲ್ಲಿ ಮಾತ್ರ ಮಾಡಬಹುದು. ಚೀಸಿಗೆ ಹೆಸರು ಕೊಟ್ಟ ಸ್ಟಿಲ್ಟನ್ ಎಂಬ ಹಳ್ಳಿ ಇರುವುದು ಕೇಂಬ್ರಿಡ್ಜ್‌ಷೈರಿನಲ್ಲಿ, ಆದ್ದರಿಂದ ಆ ಊರಿನವರಿಗೆ ಆ ಹೆಸರಿನ ಚೀಸ್ ಮಾಡುವ ಹಕ್ಕಿಲ್ಲ! ಇಂಥ ಚೀಸುಗಳು ಮತ್ತೆ ತಲೆಯೆತ್ತಿದ್ದು 1979ರಲ್ಲಿ ಲಂಡನ್ನಿನಲ್ಲಿ ಆರಂಭವಾದ ನೀಲ್ಸ್ ಯಾರ್ಡ್ ಡೈರಿಯಂಥ ಅಂಗಡಿಗಳು ಉಳಿದ ತಯಾರಕರನ್ನು ಹುಡುಕಿಕೊಂಡು ಹೋಗಿ ಮಾರಾಟಕ್ಕೆ ಇಟ್ಟಾಗ.

ಸಿಹಿಯ ಬಗ್ಗೆ ವಾದವೇ ಬೇಡ. ಟ್ರೀಕಲ್ ಟಾರ್ಟ್, ಸೇಬಿನ ಕ್ರಂಬಲ್, ಬ್ರೆಡ್ ಬೆಣ್ಣೆಯ ಪುಡಿಂಗ್, ಖರ್ಜೂರ ಹಾಕಿದ ಸ್ಟಿಕಿ ಟಾಫಿ ಪುಡಿಂಗ್ ಇವುಗಳ ಮುಂದೆ ಕುಳಿತು ಮೂಗು ಮುರಿಯುವ ಫ್ರೆಂಚರನ್ನೂ ನಾನು ಕಾಣೆ. ಚಳಿಯ ದೇಶದ ದೇಹಕ್ಕೆ ಬೇಕಾದ ಬಿಸಿ, ಕೊಬ್ಬು, ಸಿಹಿ ಮೂರೂ ಅಲ್ಲಿವೆ. ಇವುಗಳ ಮೇಲೆ ಸುರಿಯುವ ಕಸ್ಟರ್ಡ್ ನಮಗೂ ಪರಿಚಿತ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ, ಹೆಂಡತಿಗೆ ಮೊಟ್ಟೆ ಒಗ್ಗದ ಕಾರಣ 1837ರಲ್ಲಿ ಮೆಕ್ಕೆಜೋಳದ ಹಿಟ್ಟಿನಿಂದ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ. ಆ ಬಗೆಯ ಪುಡಿಗೆ ಹಾಲು, ಬಾಳೆಹಣ್ಣು, ದಾಳಿಂಬೆ ಬೆರೆಸಿ ಬೆಂಗಳೂರು, ಮೈಸೂರುಗಳ ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಮಾಡುವ ಫ್ರೂಟ್ ಕಸ್ಟರ್ಡ್ ಬ್ರಿಟಿಷ್ ಅಡುಗೆಯ ಮೊಮ್ಮಗುವೇ. ದಂಡು ಪ್ರದೇಶದ ಬೇಕರಿಗಳ ಪ್ಲಮ್ ಕೇಕ್ ಕೂಡ ಹಾಗೆಯೇ. ಬ್ರಿಟಿಷ್ ಊಟ ಸಪ್ಪೆ ಎನ್ನುವ ನಮ್ಮವರು ಇವನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಬೀದಿಯ ತಿನಿಸುಗಳಲ್ಲಿ ಕಾರ್ನಿಷ್ ಪೇಸ್ಟಿಗೆ 2011ರಲ್ಲಿ ಯುರೋಪಿನ ಭೌಗೋಳಿಕ ಮಾನ್ಯತೆ ಸಿಕ್ಕಿತು. ದನದ ಮಾಂಸ, ಆಲೂಗಡ್ಡೆ, ಸ್ವೀಡ್ ಗೆಡ್ಡೆ, ಈರುಳ್ಳಿ ತುಂಬಿ ಅಂಚು ಮಡಿಸಿ ಸುಟ್ಟ ಇದು ತವರದ ಗಣಿಯ ಕೆಲಸಗಾರರ ಬುತ್ತಿ. ಮೀನು ಮತ್ತು ಚಿಪ್ಸ್ ಜೋಡಿಯ ಅಂಗಡಿಗಳು ಶುರುವಾದದ್ದು 1860ರ ದಶಕದಲ್ಲಿ, ಲಂಡನ್ನಿನ ಪೂರ್ವಭಾಗದಲ್ಲೋ ಲ್ಯಾಂಕಷೈರಿನಲ್ಲೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಮೀನನ್ನು ಹಾಗೆ ಕರಿಯುವ ರೂಢಿ ಐಬೀರಿಯಾದಿಂದ, ಅಂದರೆ ಸ್ಪೇನ್ ಪೋರ್ಚುಗಲ್‌ಗಳ ಕಡೆಯಿಂದ, ಬಂದ ಯಹೂದಿಗಳದು. ಸರ್ಕಾರ ಯುದ್ಧಕಾಲದಲ್ಲೂ ಇದಕ್ಕೆ ಪಡಿತರ ಹಾಕಲಿಲ್ಲ, ಜನರ ಮನೋಬಲದ ಪ್ರಶ್ನೆ ಅದೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಬ್ರಿಟಿಷ್ ಊಟವನ್ನು ಸಮರ್ಥಿಸುವವರಲ್ಲಿ ಒಂದು ವರ್ಗ, ಈಗ ಅಲ್ಲಿ ಎಲ್ಲ ದೇಶದ ಊಟವೂ ಸಿಗುತ್ತದೆ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. 2001ರಲ್ಲಿ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲಾವನ್ನು ನಿಜವಾದ ರಾಷ್ಟ್ರೀಯ ಖಾದ್ಯವೆಂದು ಬಣ್ಣಿಸಿದರು. ವಲಸೆ ಬಂದವರನ್ನು ಗೌರವಿಸುವ ಮಾತಾಗಿ ಅದು ಚೆನ್ನಾಗಿದೆ. ಆದರೆ ಮನೆಯ ಅಡುಗೆ ಹೇಗಿದೆ ಎಂದು ಕೇಳಿದರೆ ಪಕ್ಕದ ಮನೆಯಿಂದ ತರಿಸಿದ ಪಲ್ಯವನ್ನು ತೋರಿಸಿದಂತಾಗುತ್ತದೆ. ಅದಕ್ಕಿಂತ ನೇರವಾದ ಉತ್ತರ ಕೊಟ್ಟವರು 1994ರಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಪಕ್ಕ ಸೇಂಟ್ ಜಾನ್ ಎಂಬ ಹೋಟೆಲು ತೆರೆದ ಫರ್ಗಸ್ ಹೆಂಡರ್ಸನ್ ಮತ್ತು ಅವರ ಪಾಲುದಾರರು. ಓವನ್ನಿನಲ್ಲಿ ಸುಟ್ಟ ಮೂಳೆಯ ಮಜ್ಜೆ, ಪಾರ್ಸ್ಲಿ ಸೊಪ್ಪು, ಉಪ್ಪು, ಬ್ರೆಡ್ಡು: ತಟ್ಟೆಯಲ್ಲಿ ಅಷ್ಟೇ. ಪ್ರಾಣಿಯ ಯಾವ ಭಾಗವೂ ವ್ಯರ್ಥವಾಗಬಾರದೆಂಬ ಹಳ್ಳಿಯ ನಿಯಮವನ್ನು ಅವರು ನಗರದ ಮೇಜಿಗೆ ತಂದರು, ಫ್ರಾನ್ಸಿನವರೂ ಅಮೆರಿಕದವರೂ ನೋಡಿ ಕಲಿಯಲು ಬಂದರು.

ಇಷ್ಟಾದರೂ ಸಾಮಾನ್ಯ ಬ್ರಿಟಿಷ್ ಮನೆಯ ದಿನನಿತ್ಯದ ಊಟ ಸುಧಾರಿಸಿದೆ ಎಂದು ನಾನು ಖಂಡಿತವಾಗಿ ಹೇಳಲಾರೆ. ಹೊಲದ ಮನೆಯ ಚೆಡ್ಡರ್ ಕೊಳ್ಳುವವರು ಅನುಕೂಲಸ್ಥರು. ಉಳಿದವರು ಮೈಕ್ರೋವೇವಿಗೆ ಹಾಕುವ ಡಬ್ಬಿಯ ಊಟವನ್ನೂ ತಂಗಳು ಪೆಟ್ಟಿಗೆಯ ಸ್ಯಾಂಡ್‌ವಿಚ್ಚನ್ನೂ ಕೊಳ್ಳುತ್ತಾರೆ. ಒಳ್ಳೆಯ ಸಾಮಗ್ರಿಯನ್ನೇ ನಂಬಿದ ಅಡುಗೆ ಕೊನೆಗೆ ದುಡ್ಡಿದ್ದವರ ಅಡುಗೆಯಾಗಿ ಉಳಿಯುವ ಅಪಾಯವಿದೆ, ಮತ್ತು ಶಿರಾಕರ ಕೊಂಕಿಗಿಂತ ಇದು ಗಂಭೀರವಾದ ಆಕ್ಷೇಪ.

ಕೊನೆಯದಾಗಿ, ಅಲ್ಲಿಗೆ ಹೋಗುವ ಸಿದ್ಧತೆಯಲ್ಲಿರುವ ಸಸ್ಯಾಹಾರಿ ತರುಣರು ಊಟದ ವಿಷಯದಲ್ಲಿ ಏನನ್ನು ಗಮನಿಸಬೇಕೆಂಬ ಬಗ್ಗೆ ಎರಡು ಮಾತು. ಯಾರ್ಕ್‌ಷೈರಿನ ಕಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳು ಬಹಳ, ಆದ್ದರಿಂದ ಆಲೂಗಡ್ಡೆಯಲ್ಲವೇ ಎಂದು ನಂಬಿ ಕೊಳ್ಳುವ ಮೊದಲು ವಿಚಾರಿಸಬೇಕು. ಆವಿಯಲ್ಲಿ ಬೇಯಿಸುವ ಹಳೆಯ ಪುಡಿಂಗುಗಳಿಗೆ ಸೂಯಿಟ್ ಎಂಬ ಕೊಬ್ಬು ಬೀಳುತ್ತದೆ. ಅದರ ಸಸ್ಯಜನ್ಯ ರೂಪವೂ ಸಿಗುತ್ತದೆ. ಹಳೆಯ ಕ್ರಮದ ಚೀಸುಗಳಲ್ಲಿ ಹಲವಕ್ಕೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಆದರೆ ಸಸ್ಯಾಹಾರಿ ರೆನೆಟ್ಟಿನವೂ ಧಾರಾಳವಾಗಿವೆ ಮತ್ತು ಒಳ್ಳೆಯ ಅಂಗಡಿಯವರು ಕೇಳಿದರೆ ಯಾವುದು ಯಾವುದೆಂದು ಹೇಳಿ, ಕೊಳ್ಳುವ ಮೊದಲು ಒಂದು ಚೂರು ಕೊಯ್ದು ರುಚಿ ನೋಡಲು ಕೈಗೆ ಕೊಡುತ್ತಾರೆ.